ಟೆಲಿಕಾಂ ಒಪ್ಪಂದದಲ್ಲಿ ಸಂಸ್ಕೃತಿ ಸೋರಿಹೋಗುವುದು ಎಲ್ಲಿ?

ಷೆಡ್ಯೂಲ್ ಓದುಗ

ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗಲೆಲ್ಲ ಸಿನಿಮಾ, ಟಿವಿ, ಪ್ರಕಾಶನದವರು ಕೇಳುವುದು ಒಂದೇ ಪ್ರಶ್ನೆ: ಆಡಿಯೊವಿಷುವಲ್ ಸೇವೆಯನ್ನು ಹೊರಗಿಟ್ಟಿದ್ದಾರಾ? ಹೌದು ಅಂದರೆ ಸಮಾಧಾನ. ಟೆಲಿಕಾಂ ಅಧ್ಯಾಯವನ್ನು ಯಾರೂ ತೆರೆದು ನೋಡುವುದಿಲ್ಲ. ಅದೇನಿದ್ದರೂ ಟವರ್, ಕೇಬಲ್, ಇಂಟರ್‌ಕನೆಕ್ಷನ್ ದರದ ವಿಷಯ ಎಂಬ ಭಾವನೆ. ಆದರೆ ಹಾಡು, ಸಿನಿಮಾ, ಸುದ್ದಿ, ಪುಸ್ತಕ ಎಲ್ಲವೂ ಈಗ ಅದೇ ಜಾಲದ ಮೇಲೆ ಮನೆಗೆ ಬರುತ್ತಿವೆ. ನನ್ನ ವಾದ ಇಷ್ಟು: ವಿನಾಯಿತಿ ಕಲಂ ಎಷ್ಟೇ ಗಟ್ಟಿಯಾಗಿದ್ದರೂ ಮೂರು ಕಡೆ ಸೋರುತ್ತದೆ. ಸೇವೆಗಳ ವರ್ಗೀಕರಣದಲ್ಲಿ, ಪಕ್ಕದ ಇನ್ನೊಂದು ಒಪ್ಪಂದದಲ್ಲಿ, ಸಹಿ ಹಾಕಿದ ಮೇಲೆ ಬರುವ ತಂತ್ರಜ್ಞಾನದಲ್ಲಿ.

ವರ್ಗೀಕರಣದಿಂದ ಶುರು ಮಾಡೋಣ. ವಿಶ್ವ ವ್ಯಾಪಾರ ಸಂಸ್ಥೆಯನ್ನು (ಡಬ್ಲ್ಯುಟಿಒ) ಹುಟ್ಟುಹಾಕಿದ ಉರುಗ್ವೆ ಸುತ್ತಿನ ಮಾತುಕತೆಗೆ 1991ರ ಜುಲೈನಲ್ಲಿ ಸಿದ್ಧವಾದ ಡಬ್ಲ್ಯು/120 ಎಂಬ ಸೇವೆಗಳ ಪಟ್ಟಿ ಇವತ್ತಿಗೂ ಆಧಾರ. ಅದರ ಎರಡನೇ ವಿಭಾಗ ಸಂವಹನ. 2.ಸಿ ಟೆಲಿಕಾಂ, 2.ಡಿ ಆಡಿಯೊವಿಷುವಲ್. ಕಾಗದದ ಮೇಲೆ ಎರಡೂ ಬೇರೆ ಬೇರೆ. ಆದರೆ ಪ್ರತಿ ಸಾಲಿನ ಅರ್ಥ ನಿಂತಿರುವುದು ಸರಕು, ಸೇವೆಗಳನ್ನು ವಿಂಗಡಿಸುವ ವಿಶ್ವಸಂಸ್ಥೆಯ ಸಿಪಿಸಿ ಸಂಕೇತಗಳ ಮೇಲೆ. ಸಿಪಿಸಿ 752 ಅಂದರೆ ದೂರಸಂಪರ್ಕ ಸೇವೆಗಳು. ಅದರ ಹೊಟ್ಟೆಯೊಳಗೇ 7524 ಇದೆ, ರೇಡಿಯೊ ಮತ್ತು ಟಿವಿ ಕಾರ್ಯಕ್ರಮ ಸಾಗಿಸುವ ಸೇವೆ. ಡಬ್ಲ್ಯು/120 ಈ 7524 ಅನ್ನು ಟೆಲಿಕಾಂನಿಂದ ತೆಗೆದು 2.ಡಿ ಕೆಳಗೆ ಇಟ್ಟಿದೆ. ಒಂದು ದೇಶ ತಾನು ತೆರೆಯಲು ಒಪ್ಪಿದ ಸೇವೆಗಳ ಪಟ್ಟಿಯಲ್ಲಿ (ಷೆಡ್ಯೂಲ್) 7521, 7522, 7523 ಎಂದು ಬಿಡಿಸಿ ಬರೆಯದೆ ಬರೀ 'ಸಿಪಿಸಿ 752' ಎಂದು ಬರೆದರೆ, ಟಿವಿ ಸಿಗ್ನಲ್ ಸಾಗಣೆಯೂ ಅದರಲ್ಲಿ ಸೇರಿದೆ ಎಂದು ಎದುರು ಪಕ್ಷ ವಾದಿಸಬಹುದು. ಇನ್ನು ಸಿಪಿಸಿ 753, ಅಂದರೆ ಕೇಬಲ್ ಮೂಲಕ ರೇಡಿಯೊ–ಟಿವಿ, ಡಬ್ಲ್ಯು/120ರ ಯಾವ ಸಾಲಿನಲ್ಲೂ ಕಾಣುವುದಿಲ್ಲ. ಒಂದು ಅಂಕಿ ಹೆಚ್ಚು ಬರೆಯುವ ಕೆಲಸವಷ್ಟೆ, ಅದನ್ನು ಬಿಟ್ಟರೆ ದೇಶದ ಪ್ರಸಾರ ನೀತಿಯೇ ವಿವಾದದ ವಸ್ತುವಾಗುತ್ತದೆ.

ನಿಜವಾಗಿ ನಡೆದ ಪ್ರಕರಣಗಳನ್ನು ಕಲಂ ಸಮೇತ ಬರೆಯಿರಿ. ಘೋಷಣೆಗಳು ಬೇಡ.

ಟೊರೊಂಟೊ ಸಂಪಿಗೆ

ಪಕ್ಕದ ಒಪ್ಪಂದದಿಂದ ಪೆಟ್ಟು ಬೀಳುವುದಕ್ಕೆ ಕೆನಡಾದ ನಿಯತಕಾಲಿಕಗಳ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಶುರುವಾದದ್ದೂ ದೂರಸಂಪರ್ಕದಿಂದಲೇ.

ಅಮೆರಿಕದ ಪತ್ರಿಕೆಯೊಂದು ತನ್ನ ಮಾಮೂಲಿ ಲೇಖನಗಳನ್ನೇ ಇಟ್ಟುಕೊಂಡು, ಜಾಹೀರಾತು ಮಾತ್ರ ಕೆನಡಾದಿಂದ ಪಡೆದು ಅಲ್ಲಿಗೇ ಒಂದು ಆವೃತ್ತಿ ತಂದರೆ ಅದಕ್ಕೆ ಸ್ಪ್ಲಿಟ್‌–ರನ್ ಅನ್ನುತ್ತಾರೆ. ಲೇಖನದ ಖರ್ಚು ತಾಯ್ನಾಡಿನಲ್ಲೇ ಹುಟ್ಟಿರುತ್ತದೆ, ಇಲ್ಲಿ ಸಿಗುವ ಜಾಹೀರಾತಿನ ಹಣ ಬಹುಮಟ್ಟಿಗೆ ಲಾಭ. ಸ್ಥಳೀಯ ಪತ್ರಿಕೆ ವರದಿಗಾರರಿಗೆ, ಲೇಖಕರಿಗೆ ಹಣ ಕೊಟ್ಟು ಅದೇ ಜಾಹೀರಾತಿಗೆ ಪೈಪೋಟಿ ಮಾಡಬೇಕು. ಜಾಹೀರಾತು ದರದಲ್ಲಿ ಅದು ಸೋಲುವುದು ಖಚಿತ. ಅದಕ್ಕೇ ಕೆನಡಾ 1965ರಿಂದ ಟ್ಯಾರಿಫ್ ಕೋಡ್ 9958ರ ಅಡಿ ಇಂಥ ಪತ್ರಿಕೆಗಳ ಆಮದನ್ನೇ ನಿಷೇಧಿಸಿತ್ತು. ಆ ನಿಷೇಧ ನಿಂತಿದ್ದು ಗಡಿಯ ಮೇಲೆ: ಮುದ್ರಿತ ಪ್ರತಿ ಲಾರಿಯಲ್ಲಿ ಗಡಿ ದಾಟಿದರೆ ತಾನೆ ಕಸ್ಟಮ್ಸ್ ತಡೆಯುವುದು?

1993ರಲ್ಲಿ ಅಮೆರಿಕದ ಕ್ರೀಡಾ ಪತ್ರಿಕೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ತನ್ನ ಕೆನಡಾ ಆವೃತ್ತಿಯ ಪುಟಗಳನ್ನು ವಿದ್ಯುನ್ಮಾನ ರೂಪದಲ್ಲಿ ಕಳಿಸಿ ಕೆನಡಾದ ಒಳಗೇ ಅಚ್ಚು ಹಾಕಿಸಿತು. ಗಡಿ ದಾಟಿದ್ದು ಕಾಗದವಲ್ಲ, ಸಿಗ್ನಲ್. ಸುಂಕದ ಕಾನೂನಿಗೆ ಹಿಡಿಯಲು ಏನೂ ಸಿಗಲಿಲ್ಲ. ಆಗ ಕೆನಡಾ 1995ರ ಡಿಸೆಂಬರ್‌ನಲ್ಲಿ ಸ್ಪ್ಲಿಟ್‌–ರನ್ ಆವೃತ್ತಿಯ ಜಾಹೀರಾತು ಮೌಲ್ಯದ ಮೇಲೆ ಶೇ 80 ಅಬಕಾರಿ ತೆರಿಗೆ ಹಾಕಿತು. ಮುಂದಿನ ವರ್ಷವೇ ಅಮೆರಿಕ ಡಬ್ಲ್ಯುಟಿಒಗೆ ದೂರು ಕೊಟ್ಟಿತು. ಪ್ಯಾನೆಲ್ ವರದಿ ಬಂದದ್ದು 1997ರ ಮಾರ್ಚ್‌ನಲ್ಲಿ, ಮೇಲ್ಮನವಿ ಮಂಡಳಿಯ ವರದಿ ಜೂನ್ 30ರಂದು. ಆಮದು ನಿಷೇಧ, ಶೇ 80 ತೆರಿಗೆ, ಅಂಚೆ ದರದ ರಿಯಾಯಿತಿ, ಮೂರೂ ಬಿದ್ದವು.

ಕೆನಡಾದ ಮುಖ್ಯ ವಾದ ಗಮನಿಸಿ: ನಮ್ಮ ತೆರಿಗೆ ಇರುವುದು ಜಾಹೀರಾತು ಸೇವೆಯ ಮೇಲೆ, ಸೇವೆಗಳ ಒಪ್ಪಂದವಾದ ಗ್ಯಾಟ್ಸ್‌ನಲ್ಲಿ ನಾವು ಜಾಹೀರಾತಿನ ಬಗ್ಗೆ ಯಾವ ಬದ್ಧತೆಯನ್ನೂ ಕೊಟ್ಟಿಲ್ಲ. ಮಂಡಳಿ ಒಪ್ಪಲಿಲ್ಲ. ಪತ್ರಿಕೆ ಒಂದು ಸರಕು, ತೆರಿಗೆ ಆ ಸರಕಿಗೆ ತಟ್ಟುತ್ತದೆ, ಹಾಗಾಗಿ ಸರಕುಗಳ ಒಪ್ಪಂದವಾದ ಗ್ಯಾಟ್‌ನ 3ನೇ ಕಲಂ ಅನ್ವಯಿಸುತ್ತದೆ ಅಂದಿತು. ಸೇವೆಗಳ ಬಾಗಿಲಿಗೆ ಬೀಗ ಹಾಕಿದ್ದರೂ ಸರಕುಗಳ ಬಾಗಿಲು ತೆರೆದೇ ಇತ್ತು.

ಹೊಸ ಸದಸ್ಯ_ಧಾರವಾಡ

ಒಂದು ಗೊಂದಲ ಇದೆ ಮೇಡಂ. ಅಮೆರಿಕದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಕೆನಡಾ ಸಾಂಸ್ಕೃತಿಕ ಉದ್ಯಮಗಳಿಗೆ ವಿನಾಯಿತಿ ಪಡೆದಿತ್ತಲ್ಲ? ಅದನ್ನು ತೋರಿಸಿ ಯಾಕೆ ಪಾರಾಗಲಿಲ್ಲ?

ಟೊರೊಂಟೊ ಸಂಪಿಗೆ

ದೂರು ಎಲ್ಲಿ ಕೊಡಬೇಕು ಎಂದು ತೀರ್ಮಾನಿಸುವುದು ದೂರುದಾರ. 1989ರ ಜನವರಿ 1ರಿಂದ ಜಾರಿಯಾದ ಕೆನಡಾ–ಅಮೆರಿಕ ಒಪ್ಪಂದದ 2005ನೇ ಕಲಂನಲ್ಲಿ ಆ ವಿನಾಯಿತಿ ಇತ್ತು, ಮೆಕ್ಸಿಕೊವನ್ನೂ ಸೇರಿಸಿಕೊಂಡು ಆಮೇಲೆ ಬಂದ ನಾಫ್ಟಾದ 2106ನೇ ಅನುಬಂಧ ಅದನ್ನೇ ಮುಂದುವರಿಸಿತು. ಡಬ್ಲ್ಯುಟಿಒ ಒಪ್ಪಂದಗಳಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಗ್ಯಾಟ್‌ನ 4ನೇ ಕಲಂ ಚಿತ್ರಮಂದಿರದಲ್ಲಿ ಸ್ವದೇಶಿ ಚಿತ್ರಗಳಿಗೆ ಕೋಟಾ ಇಡಲು ಬಿಡುತ್ತದೆ, ಅಷ್ಟೇ. ಅಮೆರಿಕ ನಾಫ್ಟಾ ಬಿಟ್ಟು ಡಬ್ಲ್ಯುಟಿಒ ಇರುವ ಜಿನೀವಾಗೆ ಹೋಯಿತು, ಕೆನಡಾದ ವಿನಾಯಿತಿ ಆ ಕೋಣೆಯೊಳಗೆ ಬರಲೇ ಇಲ್ಲ.

ಆ ವಿನಾಯಿತಿಯೂ ಬರಿಗೈಯಲ್ಲಿ ಬಂದದ್ದಲ್ಲ. 2005ನೇ ಕಲಂನ ಎರಡನೇ ಉಪಕಲಂ ಪ್ರಕಾರ ಒಂದು ದೇಶ ವಿನಾಯಿತಿ ಬಳಸಿಕೊಂಡರೆ ಇನ್ನೊಂದು ದೇಶ 'ಸಮಾನ ವಾಣಿಜ್ಯ ಪರಿಣಾಮ'ದ ಪ್ರತಿಕ್ರಮ ಕೈಗೊಳ್ಳಬಹುದು. ಯಾವ ಸರಕಿನ ಮೇಲೆ ಬೇಕಾದರೂ. 1998–99ರಲ್ಲಿ ಕೆನಡಾ ಇನ್ನೊಂದು ಮಸೂದೆ ತಂದು ವಿದೇಶಿ ಪ್ರಕಾಶಕರು ಕೆನಡಾದ ಜಾಹೀರಾತು ತೆಗೆದುಕೊಳ್ಳುವುದನ್ನೇ ನಿಷೇಧಿಸಲು ಹೊರಟಾಗ ಅಮೆರಿಕ ಪ್ರತಿಕ್ರಮದ ಬೆದರಿಕೆ ಹಾಕಿದ್ದು ಉಕ್ಕು, ಬಟ್ಟೆ, ಪ್ಲಾಸ್ಟಿಕ್, ಮರದ ಮೇಲೆ. ಪತ್ರಿಕೆ ಉಳಿಸಲು ಹೋದರೆ ಉಕ್ಕಿನ ಕಾರ್ಖಾನೆಯವರು ರಾಜಧಾನಿ ಒಟ್ಟಾವಾದಲ್ಲಿ ಬಾಗಿಲು ಬಡಿಯುತ್ತಾರೆ ಅನ್ನಿ. 1999ರ ಮೇ ತಿಂಗಳಲ್ಲಿ ರಾಜಿಯಾಯಿತು. ಸ್ಪ್ಲಿಟ್‌–ರನ್ ಪತ್ರಿಕೆಗಳು ಜಾಹೀರಾತಿನ ಶೇ 12ರಷ್ಟನ್ನು ಕೆನಡಾದ ಮಾರುಕಟ್ಟೆಯಿಂದ ಪಡೆಯಬಹುದು, 18 ತಿಂಗಳ ನಂತರ ಶೇ 15, 36 ತಿಂಗಳ ನಂತರ ಶೇ 18.

ಚಾನೆಲ್ ವಿಷಯದಲ್ಲೂ ಇದೇ ಆಯಿತು. 1994ರಲ್ಲಿ ಕೆನಡಾದ ನಿಯಂತ್ರಕ ಸಂಸ್ಥೆ ಸಿಆರ್‌ಟಿಸಿ ಒಂದು ಸ್ವದೇಶಿ ಕಂಟ್ರಿ ಸಂಗೀತ ಚಾನೆಲ್‌ಗೆ ಪರವಾನಗಿ ಕೊಟ್ಟು, ಅಮೆರಿಕದ ಕಂಟ್ರಿ ಮ್ಯೂಸಿಕ್ ಟೆಲಿವಿಷನ್ ಅನ್ನು ಕೇಬಲ್ ಪಟ್ಟಿಯಿಂದ ತೆಗೆಯಿತು. ಅಮೆರಿಕ ತನ್ನ ವ್ಯಾಪಾರ ಕಾಯ್ದೆಯ 301ನೇ ಸೆಕ್ಷನ್ ಅಡಿ ತನಿಖೆ ಶುರು ಮಾಡಿತು. ಕೊನೆಗೆ ಅಮೆರಿಕದ ಕಂಪನಿ ಕೆನಡಾ ಚಾನೆಲ್‌ನಲ್ಲಿ ಶೇ 20 ಪಾಲು ಪಡೆದು ವಿಷಯ ಮುಗಿಯಿತು. ಯಾವ ನ್ಯಾಯಮಂಡಳಿಯೂ ತೀರ್ಪು ಕೊಡಲಿಲ್ಲ, ಬೆದರಿಕೆಯೇ ಸಾಕಾಯಿತು. ಕಲಂ ಓದುವಾಗ ವಿನಾಯಿತಿ ಎಷ್ಟಿದೆ ಅನ್ನುವುದರ ಜೊತೆಗೆ ಅದನ್ನು ಬಳಸಿದರೆ ಯಾರ ಮೇಲೆ ಬರೆ ಬೀಳುತ್ತದೆ ಎಂದೂ ಲೆಕ್ಕ ಹಾಕಬೇಕು.

ಸುಂಕದಕಟ್ಟೆ

ಟೆಲಿಕಾಂ ಪಟ್ಟಿಗೆ ಬರುತ್ತೇನೆ. ಡಬ್ಲ್ಯುಟಿಒ ಮೂಲ ಟೆಲಿಕಾಂ (ದೂರವಾಣಿ, ದತ್ತಾಂಶ ಸಾಗಣೆಯಂಥ ಸೇವೆಗಳ) ಮಾತುಕತೆ 1997ರ ಫೆಬ್ರುವರಿ 15ರಂದು 69 ಸರ್ಕಾರಗಳೊಂದಿಗೆ ಮುಗಿಯಿತು, ಗ್ಯಾಟ್ಸ್‌ನ ನಾಲ್ಕನೇ ಪ್ರೋಟೊಕಾಲ್ ಆಗಿ 1998ರ ಫೆಬ್ರುವರಿ 5ರಂದು ಜಾರಿಯಾಯಿತು. ಭಾರತವೂ ಅದರಲ್ಲಿದೆ.

ಪಟ್ಟಿ ಓದುವ ಕ್ರಮ ಹೀಗೆ. ಎಡಗಡೆ ಸೇವೆಯ ಹೆಸರು. ಆಮೇಲೆ ಮಾರುಕಟ್ಟೆ ಪ್ರವೇಶ, ರಾಷ್ಟ್ರೀಯ ಸಮಾನತೆ, ಹೆಚ್ಚುವರಿ ಬದ್ಧತೆ ಎಂಬ ಕಾಲಂಗಳು. ಮೊದಲೆರಡರ ಒಳಗೆ ನಾಲ್ಕು ಸಾಲು: 1 ಗಡಿಯಾಚೆಯಿಂದ ಪೂರೈಕೆ, 2 ಗ್ರಾಹಕರೇ ಅಲ್ಲಿಗೆ ಹೋಗಿ ಪಡೆಯುವುದು, 3 ಇಲ್ಲಿ ಕಂಪನಿ ಸ್ಥಾಪನೆ, 4 ವ್ಯಕ್ತಿಗಳ ಓಡಾಟ. ಪ್ರತಿ ಸಾಲಿನ ಮುಂದೆ 'ನನ್' ಎಂದಿದ್ದರೆ ಯಾವ ನಿರ್ಬಂಧವೂ ಇಲ್ಲ, ಪೂರ್ತಿ ಬಿಟ್ಟುಕೊಟ್ಟಿದ್ದೇವೆ ಎಂದರ್ಥ. 'ಅನ್‌ಬೌಂಡ್' ಎಂದಿದ್ದರೆ ಏನೂ ಕೊಟ್ಟಿಲ್ಲ. ಸಂಸ್ಕೃತಿಯ ದೃಷ್ಟಿಯಿಂದ ಮೊದಲು ನೋಡಬೇಕಾದದ್ದು ಸಾಲು 1. ಸ್ಟ್ರೀಮಿಂಗ್ ಬರುವುದು ಆ ದಾರಿಯಲ್ಲಿ, ಇಲ್ಲಿ ಕಚೇರಿಯೇ ಬೇಕಿಲ್ಲ. ಶೇರು ಮಿತಿ ಹಾಕುವುದೆಲ್ಲ ಸಾಲು 3ರಲ್ಲಿ. ಸಾಲು 3ಕ್ಕೆ ಕಾವಲು ಹಾಕಿ ಸಾಲು 1ರಲ್ಲಿ 'ನನ್' ಎಂದು ಬರೆದ ಪಟ್ಟಿ ಕೋಟೆಯ ಮುಂಬಾಗಿಲು ಭದ್ರಪಡಿಸಿ ದಿಡ್ಡಿ ಬಾಗಿಲು ತೆರೆದಿಟ್ಟಂತೆ.

1997ರ ಜನವರಿಯಲ್ಲಿ ಮಾತುಕತೆಯ ಅಧ್ಯಕ್ಷರು ಒಂದು ಟಿಪ್ಪಣಿ ಹೊರಡಿಸಿದರು. ಬೇರೆ ರೀತಿ ಬರೆಯದಿದ್ದರೆ, ಪಟ್ಟಿಯಲ್ಲಿ ಹೆಸರಿಸಿದ ಮೂಲ ಟೆಲಿಕಾಂ ಸೇವೆ ಸ್ಥಳೀಯ, ದೂರದ, ಅಂತಾರಾಷ್ಟ್ರೀಯ ಎಲ್ಲಕ್ಕೂ, ತಂತಿಗೂ ನಿಸ್ತಂತುವಿಗೂ, ಸ್ವಂತ ಜಾಲಕ್ಕೂ ಮರುಮಾರಾಟಕ್ಕೂ ಅನ್ವಯಿಸುತ್ತದೆ ಎಂದು. ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯುವ ಪದ್ಧತಿ ಇದು. ಹೊರಗಿಡಬೇಕಾದದ್ದನ್ನು ಬಾಯಿಬಿಟ್ಟು ಹೇಳಲೇಬೇಕು.

ಹೇಳಿದವರು ಹೇಗೆ ಹೇಳಿದರು? ಐರೋಪ್ಯ ಒಕ್ಕೂಟ ತನ್ನ ಟೆಲಿಕಾಂ ಪಟ್ಟಿಯಿಂದ ಪ್ರಸಾರವನ್ನು ಹೊರಗಿಟ್ಟಿತು, ಪ್ರಸಾರ ಎಂದರೇನು ಎಂದೂ ಬರೆಯಿತು: ಟಿವಿ ಮತ್ತು ರೇಡಿಯೊ ಕಾರ್ಯಕ್ರಮದ ಸಿಗ್ನಲ್ ಜನರನ್ನು ತಲುಪಲು ಬೇಕಾದ ಕಡಿಯದ ಸರಣಿ, ಆದರೆ ನಿರ್ವಾಹಕರ ನಡುವಿನ ಕೊಂಡಿಗಳು ಅದರಲ್ಲಿ ಸೇರುವುದಿಲ್ಲ. ಈ 'ಕಡಿಯದ ಸರಣಿ' ಎಂಬ ಮಾತು ಬಹಳ ಬೆಲೆಬಾಳುವಂಥದ್ದು. ಅದಿಲ್ಲದಿದ್ದರೆ ಉಪಗ್ರಹದಿಂದ ಕೇಬಲ್ ಕಂಪನಿಯ ಸಿಗ್ನಲ್ ಕೇಂದ್ರವಾದ ಹೆಡ್‌ಎಂಡ್‌ವರೆಗಿನ ತುಂಡು ಟೆಲಿಕಾಂ, ಅಲ್ಲಿಂದ ಮನೆಗೆ ಬರುವ ತುಂಡು ಪ್ರಸಾರ ಎಂದು ಎದುರು ಪಕ್ಷ ಕತ್ತರಿಸುತ್ತದೆ.

ಅಮೆರಿಕ ಏನು ಮಾಡಿತು ಎಂಬುದನ್ನೂ ಮರೆಯಬಾರದು. ನೇರ ಮನೆಗೆ ಬರುವ ಉಪಗ್ರಹ ಟಿವಿ ಮತ್ತು ಡಿಜಿಟಲ್ ಆಡಿಯೊದ ಏಕಮುಖ ಪ್ರಸರಣಕ್ಕೆ ತಾನೇ ಎಂಎಫ್‌ಎನ್ ವಿನಾಯಿತಿ ತೆಗೆದುಕೊಂಡಿತು. ಅಂದರೆ ಆ ಸೇವೆಯಲ್ಲಿ ಎಲ್ಲ ದೇಶಗಳನ್ನೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ ಎಂದು ಕಾಯ್ದಿರಿಸಿತು. ಮುಕ್ತ ಮಾರುಕಟ್ಟೆಯ ಪರವಾಗಿ ಅತಿ ಗಟ್ಟಿಯಾಗಿ ಮಾತಾಡಿದ ದೇಶವೇ ಪ್ರಸಾರದ ಕೊಂಡಿಗೆ ಬೇಲಿ ಹಾಕಿದ ಮೇಲೆ ಉಳಿದವರು ಸಂಕೋಚಪಡಬೇಕಾಗಿಲ್ಲ.

ಕಾವೇರಿ_ನ್ಯೂಜೆರ್ಸಿ

ಇಲ್ಲಿವರೆಗಿನ ಮಾತಿಗೆ ನನ್ನದೊಂದು ತಕರಾರು. ಎಲ್ಲರೂ ಬಾಗಿಲು ಮುಚ್ಚುವ ಮಾತನ್ನೇ ಆಡುತ್ತಿದ್ದೀರಿ. ಕನ್ನಡದಂಥ ಭಾಷೆಗೆ ದುಬೈ, ಸಿಂಗಪುರ, ನ್ಯೂಜೆರ್ಸಿಯಲ್ಲಿ ಪ್ರೇಕ್ಷಕರು ಸಿಗುವುದು ಅಲ್ಲಿನ ಜಾಲ ತೆರೆದಿರುವುದರಿಂದ. ಕೇಬಲ್ ಕಂಪನಿಯ ಪ್ಯಾಕೇಜಿನಲ್ಲಿ ನಮಗೆ ಜಾಗ ಸಿಗುವುದು ಕಷ್ಟ, ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಪ್ರತಿ ದೇಶವೂ ತನ್ನ ಸಂಸ್ಕೃತಿಯ ಹೆಸರಲ್ಲಿ ಜಾಲಕ್ಕೆ ಬೇಲಿ ಹಾಕಿದರೆ ಮೊದಲು ಹೊರಗೆ ಬೀಳುವುದು ಸಣ್ಣ ಮಾರುಕಟ್ಟೆಯ ಭಾಷೆಗಳು.

ಷೆಡ್ಯೂಲ್ ಓದುಗ

ನಿಮ್ಮ ತಕರಾರು ಸರಿಯಾಗಿದೆ, ಮತ್ತು ಅದಕ್ಕೆ ಉತ್ತರ ಒಪ್ಪಂದದ ಪಠ್ಯದಲ್ಲೇ ಇದೆ. ಸಾಗಿಸುವವನು ಬೇರೆ, ಸಾಗುವ ವಸ್ತು ಬೇರೆ. ಸಾಗಣೆ ತೆರೆದಿರಲಿ, ವಸ್ತುವಿನ ಬಗ್ಗೆ ನೀತಿ ಮಾಡುವ ಹಕ್ಕು ಉಳಿಯಲಿ, ಇದೇ ಗುರಿ.

ಗ್ಯಾಟ್ಸ್‌ನ ಟೆಲಿಕಾಂ ಅನುಬಂಧ ಇದನ್ನು ಒಂದು ಮಟ್ಟಿಗೆ ಸಾಧಿಸುತ್ತದೆ. ಅದರ 2(ಬಿ) ಪ್ರಕಾರ ರೇಡಿಯೊ–ಟಿವಿ ಕಾರ್ಯಕ್ರಮಗಳ ಕೇಬಲ್ ಅಥವಾ ಪ್ರಸಾರ ವಿತರಣೆಯ ಕ್ರಮಗಳಿಗೆ ಅನುಬಂಧ ಅನ್ವಯಿಸುವುದಿಲ್ಲ. 5(ಎ) ಪ್ರಕಾರ ವಿದೇಶಿ ಪೂರೈಕೆದಾರನಿಗೆ ಸಾರ್ವಜನಿಕ ಜಾಲ ಬಳಸುವ ಹಕ್ಕು ಸಿಗುವುದು ಆ ದೇಶ ತನ್ನ ಪಟ್ಟಿಯಲ್ಲಿ ಸೇರಿಸಿದ ಸೇವೆಗಳಿಗೆ ಮಾತ್ರ. ಬ್ಯಾಂಕಿಂಗ್ ಸೇರಿಸಿದ್ದರೆ ವಿದೇಶಿ ಬ್ಯಾಂಕಿಗೆ ಜಾಲ ಕೊಡಬೇಕು. ಆಡಿಯೊವಿಷುವಲ್ ಸೇರಿಸಿಲ್ಲ ಅಂದರೆ ಆ ಹೆಸರಲ್ಲಿ ಜಾಲದ ಹಕ್ಕು ಕೇಳುವಂತಿಲ್ಲ. ಆದರೆ ಈಚಿನ ಪ್ರಾದೇಶಿಕ ಒಪ್ಪಂದಗಳ ಟೆಲಿಕಾಂ ಅಧ್ಯಾಯಗಳಲ್ಲಿ, ಅದರಲ್ಲೂ ಅಮೆರಿಕದ ಮಾದರಿಯಲ್ಲಿ, 'ಎದುರು ದೇಶದ ಯಾವುದೇ ಉದ್ಯಮಕ್ಕೆ' ಜಾಲದ ಪ್ರವೇಶ ಎಂದು ಬರೆದಿರುತ್ತಾರೆ, ಪಟ್ಟಿಯ ಜೊತೆಗಿನ ಕೊಂಡಿ ಕಳಚಿರುತ್ತದೆ. 'ಕೇಬಲ್ ಅಥವಾ ಪ್ರಸಾರ ವಿತರಣೆ' ಎಂಬ ಹಳೆಯ ಹೊರಗಿಡುವಿಕೆಯನ್ನು ಮಾತ್ರ ಹಾಗೇ ನಕಲು ಮಾಡಿರುತ್ತಾರೆ. ಆ್ಯಪ್ ಮೂಲಕ ಬರುವ ಸಿನಿಮಾ ಕೇಬಲ್ಲೂ ಅಲ್ಲ, ಪ್ರಸಾರವೂ ಅಲ್ಲ ಎಂದು ವಾದಿಸಲು ದಾರಿ ಅಲ್ಲೇ ತೆರೆದುಕೊಳ್ಳುವುದು.

ಇನ್ನೊಂದು ಉಪಯುಕ್ತ ಸಾಧನ, ಹಲವು ದೇಶಗಳು ತಮ್ಮ ಪಟ್ಟಿಗೆ ಜೋಡಿಸಿಕೊಂಡ ನಿಯಂತ್ರಣ ತತ್ವಗಳಾದ ಟೆಲಿಕಾಂ ರೆಫರೆನ್ಸ್ ಪೇಪರ್‌ನ 3ನೇ ಪ್ಯಾರಾ. ಸಾರ್ವತ್ರಿಕ ಸೇವೆಯ ಹೊಣೆ ಏನೆಂದು ತೀರ್ಮಾನಿಸುವ ಹಕ್ಕು ಆಯಾ ದೇಶದ್ದು. ಷರತ್ತು ಇಷ್ಟೇ: ಪಾರದರ್ಶಕವಾಗಿರಬೇಕು, ತಾರತಮ್ಯ ಇರಬಾರದು, ಪೈಪೋಟಿಯಲ್ಲಿ ಯಾರ ಪರವೂ ವಾಲಬಾರದು, ಬೇಕಾದ್ದಕ್ಕಿಂತ ಹೆಚ್ಚು ಹೊರೆ ಹಾಕಬಾರದು. ಸ್ಥಳೀಯ ಭಾಷೆಯಲ್ಲಿ ಗ್ರಾಹಕ ಸೇವೆ, ಸ್ಥಳೀಯ ಲಿಪಿಯ ತುರ್ತು ಸಂದೇಶ, ಇವನ್ನೆಲ್ಲ ದೇಶಿ–ವಿದೇಶಿ ಎಲ್ಲ ಕಂಪನಿಗಳ ಮೇಲೂ ಸಮನಾಗಿ ಹಾಕಿದರೆ ತಕರಾರು ಎತ್ತುವುದು ಕಷ್ಟ.

ತುಂಗಭದ್ರಾ ತೀರ

ತಂತ್ರಜ್ಞಾನದ ಸೋರಿಕೆಗೆ ಉದಾಹರಣೆ ಅಮೆರಿಕ ಹೂಡಿದ ಚೀನಾ ಪ್ರಕರಣ, ಡಬ್ಲ್ಯುಟಿಒ ವಿವಾದ ಸಂಖ್ಯೆ ಡಿಎಸ್363. 2001ರಲ್ಲಿ ಡಬ್ಲ್ಯುಟಿಒ ಸೇರುವಾಗ ಚೀನಾ 'ಧ್ವನಿಮುದ್ರಿಕೆ ವಿತರಣಾ ಸೇವೆ'ಯನ್ನು ಪಟ್ಟಿಗೆ ಸೇರಿಸಿತ್ತು. ಆಗ ನಮ್ಮ ಮನಸ್ಸಿನಲ್ಲಿದ್ದದ್ದು ಕ್ಯಾಸೆಟ್, ಸಿಡಿ ಎಂದು ನಂತರ ವಾದಿಸಿತು. 2009ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಒಪ್ಪಲಿಲ್ಲ. ಪದಗಳು ಸಾಕಷ್ಟು ಸಾಮಾನ್ಯವಾಗಿವೆ, ಅವು ಯಾವುದಕ್ಕೆ ಅನ್ವಯಿಸುತ್ತವೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಆದ್ದರಿಂದ ಇಂಟರ್ನೆಟ್ ಮೂಲಕ ಸಂಗೀತ ವಿತರಣೆಯೂ ಸೇರುತ್ತದೆ ಎಂದಿತು. ಡಬ್ಲ್ಯುಟಿಒ ಬದ್ಧತೆಗೆ ಅವಧಿ ಇಲ್ಲ. 2001ರಲ್ಲಿ ಬರೆದ ನಾಲ್ಕು ಪದ ಇನ್ನೂ ಹುಟ್ಟದ ತಂತ್ರಜ್ಞಾನಕ್ಕೂ ಸಹಿ ಹಾಕಿದಂತಾಯಿತು.

ನ್ಯೂಜಿಲೆಂಡ್ ಕಥೆ ಇನ್ನೂ ಕಹಿ. 1994ರಲ್ಲಿ ಆಡಿಯೊವಿಷುವಲ್ ಸೇವೆಗಳಲ್ಲಿ ಉದಾರವಾಗಿ ಬದ್ಧತೆ ಕೊಟ್ಟಿತು, ಸ್ಥಳೀಯ ಕಾರ್ಯಕ್ರಮದ ಕೋಟಾಕ್ಕೆ ಜಾಗ ಉಳಿಸಿಕೊಳ್ಳಲಿಲ್ಲ. ಮುಂದೆ ಬಂದ ಸರ್ಕಾರಕ್ಕೆ ಕೋಟಾ ಬೇಕೆನಿಸಿದಾಗ ಗ್ಯಾಟ್ಸ್ ಅಡ್ಡ ಬಂತು. ಕೊನೆಗೆ ರೇಡಿಯೊದವರ ಜೊತೆ ಸ್ವಯಂಪ್ರೇರಿತ ಒಪ್ಪಂದ ಮಾಡಿಕೊಂಡು, 2006ರ ಹೊತ್ತಿಗೆ ಶೇ 20 ನ್ಯೂಜಿಲೆಂಡ್ ಸಂಗೀತ ಎಂಬ ಗುರಿ ಇಟ್ಟುಕೊಂಡಿತು. ಒಂದು ಸರ್ಕಾರ ಕೊಟ್ಟದ್ದನ್ನು ಮುಂದಿನ ಸರ್ಕಾರ ಚುನಾವಣೆ ಗೆದ್ದರೂ ಹಿಂದಕ್ಕೆ ಪಡೆಯಲಾಗಲಿಲ್ಲ. ಹಾಗೆ ಪಡೆಯಬೇಕಾದರೆ ಗ್ಯಾಟ್ಸ್ 21ನೇ ಕಲಂ ಪ್ರಕಾರ ಬಾಧಿತ ದೇಶಗಳಿಗೆ ಬೇರೆ ವಲಯದಲ್ಲಿ ಪರಿಹಾರ ಕೊಡಬೇಕು.

ಸುಂಕದಕಟ್ಟೆ

ಅದಕ್ಕೆ ಎದುರಾಗಿ ಆಸ್ಟ್ರೇಲಿಯಾ ನೋಡಿ. 2005ರ ಜನವರಿಯಲ್ಲಿ ಜಾರಿಯಾದ ಅಮೆರಿಕ ಒಪ್ಪಂದದಲ್ಲಿ ಅದು ಸಾಮಾನ್ಯ ವಿನಾಯಿತಿಯ ಬದಲು ಅಂಕಿ ಸಮೇತ ಕಾಯ್ದಿರಿಸಿಕೊಂಡಿತು. ಉಚಿತ ಪ್ರಸಾರದ ಟಿವಿಗೆ ಬೆಳಗಿನ 6ರಿಂದ ಮಧ್ಯರಾತ್ರಿವರೆಗೆ ಶೇ 55 ಸ್ಥಳೀಯ ಕಾರ್ಯಕ್ರಮ. ಚಂದಾ ಟಿವಿಯ ನಾಟಕ ಚಾನೆಲ್‌ಗಳು ಖರ್ಚಿನ ಶೇ 10 ಸ್ಥಳೀಯ ನಿರ್ಮಾಣಕ್ಕೆ, ಬೇಕಾದರೆ ಶೇ 20ರವರೆಗೆ ಏರಿಸಬಹುದು.

ಅಂಕಿ ಬರೆಯುವುದರಲ್ಲಿ ಅಪಾಯವೂ ಇದೆ. ನಕಾರಾತ್ಮಕ ಪಟ್ಟಿಯ ಒಪ್ಪಂದದಲ್ಲಿ, ಅಂದರೆ ಹೊರಗಿಟ್ಟದ್ದನ್ನು ಮಾತ್ರ ಬರೆದು ಉಳಿದದ್ದೆಲ್ಲ ತೆರೆದಂತೆ ಎಂದು ತಿಳಿಯುವ ಕಡೆ, ಅನುಬಂಧ 1ಕ್ಕೆ ಹಾಕಿದ ಕ್ರಮಕ್ಕೆ ರ್‍ಯಾಚೆಟ್ ಅನ್ವಯಿಸುತ್ತದೆ: ಸಡಿಲಿಸಬಹುದು, ಸಡಿಲಿಸಿದ ಮೇಲೆ ಮತ್ತೆ ಬಿಗಿಗೊಳಿಸುವಂತಿಲ್ಲ. 55 ಅನ್ನು 50ಕ್ಕೆ ಇಳಿಸಿದರೆ 50ಕ್ಕೇ ನಿಂತಿತು. ಅನುಬಂಧ 2ಕ್ಕೆ ಹಾಕಿದರೆ ಮುಂದೆ ಹೊಸ ಕ್ರಮ ತರುವ ಹಕ್ಕು ಉಳಿಯುತ್ತದೆ. ದಕ್ಷಿಣ ಕೊರಿಯಾ ಅಮೆರಿಕದ ಜೊತೆಗಿನ ಮಾತುಕತೆಯ ಮೆಟ್ಟಿಲು ಹತ್ತಲು 2006ರ ಜುಲೈನಲ್ಲಿ ಚಿತ್ರಮಂದಿರದ ಕೋಟಾವನ್ನು ವರ್ಷಕ್ಕೆ 146 ದಿನದಿಂದ 73ಕ್ಕೆ ಇಳಿಸಿತು, ಆ 73 ಒಪ್ಪಂದದಲ್ಲಿ ಬೀಗ ಹಾಕಿಸಿಕೊಂಡಿತು. ಮಾತುಕತೆ ಶುರುವಾಗುವ ಮೊದಲೇ ಕೊಟ್ಟುಬಿಟ್ಟದ್ದಕ್ಕೆ ಪ್ರತಿಯಾಗಿ ಏನೂ ಸಿಗುವುದಿಲ್ಲ. ಇದೊಂದು ಹಳೆಯ ತಪ್ಪು, ಮತ್ತೆ ಮತ್ತೆ ನಡೆಯುತ್ತದೆ.

ಹೊಸ ಸದಸ್ಯ_ಧಾರವಾಡ

ಯುನೆಸ್ಕೊ ಸಮಾವೇಶ ಇದೆಯಲ್ಲ ಸರ್? ಸಾಂಸ್ಕೃತಿಕ ವೈವಿಧ್ಯದ ಬಗ್ಗೆ.

ತುಂಗಭದ್ರಾ ತೀರ

2005ರ ಅಕ್ಟೋಬರ್ 20ರಂದು 148 ದೇಶಗಳ ಬೆಂಬಲದಿಂದ ಅಂಗೀಕಾರವಾಯಿತು. ವಿರೋಧಿಸಿದ್ದು ಅಮೆರಿಕ ಮತ್ತು ಇಸ್ರೇಲ್. ಭಾರತ 2006ರ ಡಿಸೆಂಬರ್‌ನಲ್ಲಿ ಸ್ಥಿರೀಕರಿಸಿತು. ಆದರೆ ಅದರ 20ನೇ ಕಲಂ ಓದಿ: ಸದಸ್ಯರು ಬೇರೆ ಒಪ್ಪಂದಗಳ ಅಡಿ ಹೊಂದಿರುವ ಹಕ್ಕು–ಬಾಧ್ಯತೆಗಳನ್ನು ಈ ಸಮಾವೇಶ ಬದಲಿಸುತ್ತದೆ ಎಂದು ಅರ್ಥೈಸುವಂತಿಲ್ಲ. ಚೀನಾ ಡಿಎಸ್363ರಲ್ಲಿ ಇದನ್ನು ಉಲ್ಲೇಖಿಸಿತು, ಕೈ ಹಿಡಿಯಲಿಲ್ಲ. ಇದರ ಬಲ ಮಾತುಕತೆಯ ಮೇಜಿನ ಮೇಲಿದೆ, ವಿವಾದ ಮಂಡಳಿಯಲ್ಲಿ ಕಡಿಮೆ. ಒಪ್ಪಂದದ ಪೀಠಿಕೆಯಲ್ಲಿ ಹೆಸರಿಸಿ ಬಿಟ್ಟರೆ ಸಾಲದು, ಕಾಯ್ದಿರಿಸುವಿಕೆಯ ಸಾಲಿನೊಳಗೇ ಬರೆಸಬೇಕು.

ಮಲೆನಾಡ ಕರಾರು

ಭಾರತದ ಪಟ್ಟಿ ಯಾರೂ ಬಿಡಿಸಲಿಲ್ಲ, ಹಾಗಾಗಿ ಬರೆಯುತ್ತೇನೆ.

ಆಡಿಯೊವಿಷುವಲ್‌ನಲ್ಲಿ 1994ರಲ್ಲಿ ಭಾರತ ಕೊಟ್ಟದ್ದು ಚಲನಚಿತ್ರ ಮತ್ತು ವಿಡಿಯೊಟೇಪ್ ವಿತರಣೆ ಒಂದನ್ನೇ. ಅದೂ ಪ್ರತಿನಿಧಿ ಕಚೇರಿಯ ಮೂಲಕ ಮಾತ್ರ, ವರ್ಷಕ್ಕೆ 100 ಶೀರ್ಷಿಕೆಗಳ ಮಿತಿಯೊಂದಿಗೆ. ರಾಷ್ಟ್ರೀಯ ಸಮಾನತೆ ಬೇಕಾದರೆ ಚಿತ್ರ ಅಧಿಸೂಚಿತ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿರಬೇಕು, ಅಧಿಕೃತ ವಿಭಾಗದಲ್ಲಿ ಭಾಗವಹಿಸಿರಬೇಕು, ಅಥವಾ ಅಧಿಸೂಚಿತ ಪತ್ರಿಕೆಗಳಲ್ಲಿ ಒಳ್ಳೆಯ ವಿಮರ್ಶೆ ಪಡೆದಿರಬೇಕು. ಆಚರಣೆಯಲ್ಲಿ ವಿದೇಶಿ ಚಿತ್ರಗಳು ಇದಕ್ಕಿಂತ ಎಷ್ಟೋ ಸಲೀಸಾಗಿ ಬರುತ್ತವೆ. ಟೆಲಿಕಾಂ ಕೂಡ ಹಾಗೇ: 1997ರಲ್ಲಿ ಬರೆದ ವಿದೇಶಿ ಪಾಲು ಶೇ 25, 2021ರಿಂದ ಸ್ವಯಂಚಾಲಿತ ಮಾರ್ಗದಲ್ಲೇ ಶೇ 100ರವರೆಗೆ ಅವಕಾಶ.

ಬರೆದುಕೊಟ್ಟದ್ದಕ್ಕೂ ನಡೆಯುತ್ತಿರುವುದಕ್ಕೂ ನಡುವಿನ ಈ ಅಂತರವೇ ದೇಶದ ಆಸ್ತಿ. ನಾಳೆ ನೀತಿ ಬಿಗಿಗೊಳಿಸಬೇಕೆಂದರೆ ಆ ಅಂತರದೊಳಗೆ ಯಾರನ್ನೂ ಕೇಳದೆ ಓಡಾಡಬಹುದು. ರ್‍ಯಾಚೆಟ್ ಇರುವ ದ್ವಿಪಕ್ಷೀಯ ಒಪ್ಪಂದ ಮಾಡುವುದು ಈ ಅಂತರವನ್ನು ಅಳಿಸಿ, ಇವತ್ತಿನ ಆಚರಣೆಯನ್ನೇ ನಾಳಿನ ಬಾಧ್ಯತೆಯನ್ನಾಗಿ ಮಾಡುವುದು. ವಿದೇಶಿ ಪಾಲು ಸುದ್ದಿ ಟಿವಿಗೆ ಶೇ 49, ಡಿಜಿಟಲ್ ಸುದ್ದಿಗೆ ಶೇ 26, ಎರಡೂ ಸರ್ಕಾರದ ಒಪ್ಪಿಗೆಯೊಂದಿಗೆ ಎಂಬ ಈಗಿನ ಮಿತಿಗಳು ಯಾವ ಅನುಬಂಧದಲ್ಲಿ ಕೂರುತ್ತವೆ ಎಂಬುದು ನಿರ್ಣಾಯಕ.

ಮನೆಯೊಳಗಿನ ಕಾನೂನಿನಲ್ಲೂ ಒಂದು ಕಡೆ ಎಚ್ಚರ ಬೇಕು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ದೂರಸಂಪರ್ಕದ ವ್ಯಾಖ್ಯೆ ಬಹಳ ಅಗಲ: ತಂತಿ, ರೇಡಿಯೊ, ಆಪ್ಟಿಕಲ್ ಅಥವಾ ಬೇರೆ ವಿದ್ಯುತ್ಕಾಂತೀಯ ವ್ಯವಸ್ಥೆಯಲ್ಲಿ ಯಾವುದೇ ಸಂದೇಶದ ರವಾನೆ, ಸ್ವೀಕಾರ. ಸಂದೇಶ ಎನ್ನುವುದರಲ್ಲಿ ಚಿತ್ರ, ಧ್ವನಿ, ವಿಡಿಯೊ ಎಲ್ಲ ಬರುತ್ತದೆ. ಇದೇ ವ್ಯಾಖ್ಯೆಯನ್ನು ಎತ್ತಿಕೊಂಡು ಹೋಗಿ ಒಪ್ಪಂದದ ಟೆಲಿಕಾಂ ಅಧ್ಯಾಯದಲ್ಲಿ ಕೂರಿಸಿದರೆ ವಿಡಿಯೊ ಸೇವೆಯೂ ಟೆಲಿಕಾಂ ಎಂದು ನಾವೇ ಒಪ್ಪಿದಂತೆ. ಒಪ್ಪಂದದಲ್ಲಿ 'ಸಿಗ್ನಲ್ ಸಾಗಣೆ ಮಾತ್ರ, ಸಾಗುವ ವಿಷಯ ಸೇರಿಲ್ಲ' ಎಂಬ ಸಾಲು ಬೇಕೇ ಬೇಕು.

ಕೇಬಲ್ ಟಿವಿ ಕಾಯ್ದೆ 1995ರ 8ನೇ ಸೆಕ್ಷನ್ ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯಗೊಳಿಸಿದಾಗ ಆಯಾ ರಾಜ್ಯದ ಭಾಷೆಯ ಚಾನೆಲ್ ಒಂದನ್ನೂ ಸೇರಿಸಿತ್ತು. ಕರ್ನಾಟಕದ ಕೇಬಲ್‌ನಲ್ಲಿ ಚಂದನಕ್ಕೆ ಜಾಗ ಖಾತ್ರಿಯಾದದ್ದು ಇಂಥ ನಿಯಮದಿಂದ. ಇದು ಕೇಬಲ್‌ಗೆ ಕಟ್ಟುಬಿದ್ದ ನಿಯಮ. ಸ್ಮಾರ್ಟ್ ಟಿವಿಯ ಮುಖಪುಟದಲ್ಲಿ ಯಾವ ಆ್ಯಪ್ ಮುಂದೆ ಕಾಣಬೇಕು ಎಂಬ ನಿಯಮ ಮುಂದೆ ಬೇಕಾದೀತು. ಅದಕ್ಕೆ ಈಗಲೇ ಅನುಬಂಧ 2ರಲ್ಲಿ ಜಾಗ ಇಡಬೇಕು.

ಕಾವೇರಿ_ನ್ಯೂಜೆರ್ಸಿ

ರಾಜ್ಯ ಸರ್ಕಾರಗಳ ಕ್ರಮಗಳಿಗೂ ಇದೆಲ್ಲ ತಟ್ಟುತ್ತದೆಯೇ? ಕರ್ನಾಟಕ 2024ರಲ್ಲಿ ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ಕಲಾವಿದರ ಕಲ್ಯಾಣ ನಿಧಿಗೆ ಬಳಸುವ ಕಾನೂನು ಮಾಡಿದೆ. ಕನ್ನಡ ಚಿತ್ರಗಳಿಗೆ ಸಹಾಯಧನವೂ ಇದೆ.

ಮಲೆನಾಡ ಕರಾರು

ತಟ್ಟುತ್ತದೆ. ಗ್ಯಾಟ್ಸ್‌ನ 1ನೇ ಕಲಂ 3ನೇ ಉಪಕಲಂ ಕೇಂದ್ರ, ಪ್ರಾದೇಶಿಕ, ಸ್ಥಳೀಯ ಸರ್ಕಾರಗಳ ಕ್ರಮಗಳನ್ನೆಲ್ಲ ಒಳಗೆ ತರುತ್ತದೆ. ಸೆಸ್ ದೇಶಿ–ವಿದೇಶಿ ವೇದಿಕೆಗಳ ಮೇಲೆ ಒಂದೇ ದರದಲ್ಲಿದ್ದರೆ ತೊಂದರೆ ಕಡಿಮೆ. ತೊಂದರೆ ಶುರುವಾಗುವುದು ಸಂಗ್ರಹವಾದ ಹಣ ದೇಶಿಯರಿಗೆ ಮಾತ್ರ ಹೋಗುವಾಗ. ಕೆನಡಾದ ಈಚಿನ ಜಗಳ ಸರಿಯಾಗಿ ಇದೇ ಜಾಗದಲ್ಲಿದೆ. ಸಹಾಯಧನಕ್ಕೆ ಒಪ್ಪಂದದಲ್ಲಿ ಪ್ರತ್ಯೇಕ ರಕ್ಷಣೆ ಬರೆಸಬೇಕು. ಪೆಸಿಫಿಕ್ ಸುತ್ತಲ ದೇಶಗಳ ವ್ಯಾಪಾರ ಒಪ್ಪಂದವಾದ ಸಿಪಿಟಿಪಿಪಿಯ 14.4ನೇ ಕಲಂ ಡಿಜಿಟಲ್ ಉತ್ಪನ್ನಗಳಿಗೆ ತಾರತಮ್ಯ ಮಾಡಬಾರದು ಎನ್ನುತ್ತಲೇ ಸಹಾಯಧನ ಮತ್ತು ಪ್ರಸಾರವನ್ನು ಹೊರಗಿಟ್ಟಿದೆ. ರಾಜ್ಯದ ಇಂಥ ಕ್ರಮಗಳ ಪಟ್ಟಿಯನ್ನು ಕೇಂದ್ರಕ್ಕೆ ಕೊಡುವುದು ರಾಜ್ಯದ ಸಂಸ್ಕೃತಿ ಮತ್ತು ವಾರ್ತಾ ಇಲಾಖೆಗಳ ಕೆಲಸ. ಕೊಡದಿದ್ದರೆ ದೆಹಲಿಯ ವಾಣಿಜ್ಯ ಸಚಿವಾಲಯಕ್ಕೆ ಕಾಯ್ದಿರಿಸಲು ಏನೂ ಇರುವುದಿಲ್ಲ.

ಟೊರೊಂಟೊ ಸಂಪಿಗೆ

ಆ ಜಗಳದ ವಿವರ: 2023ರ ಏಪ್ರಿಲ್ 27ರಂದು ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆಗೆ ಒಪ್ಪಿಗೆ ಸಿಕ್ಕಿತು. 2024ರ ಜೂನ್‌ನಲ್ಲಿ ಸಿಆರ್‌ಟಿಸಿ ಕೆನಡಾದಲ್ಲಿ ವರ್ಷಕ್ಕೆ 2.5 ಕೋಟಿ ಡಾಲರ್ ಅಥವಾ ಹೆಚ್ಚು ಆದಾಯವಿರುವ, ಕೆನಡಾದ ಪ್ರಸಾರಕರಿಗೆ ಸೇರದ ಸ್ಟ್ರೀಮಿಂಗ್ ಸೇವೆಗಳು ಆದಾಯದ ಶೇ 5 ಅನ್ನು ಸ್ಥಳೀಯ ಸುದ್ದಿ, ಫ್ರೆಂಚ್ ಮತ್ತು ಮೂಲನಿವಾಸಿಗಳ ಕಾರ್ಯಕ್ರಮ ಮುಂತಾದ ನಿಧಿಗಳಿಗೆ ಕೊಡಬೇಕೆಂದಿತು. ಕಂಪನಿಗಳು ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋದವು.

ಒಪ್ಪಂದದ ಮಟ್ಟದಲ್ಲಿ ಕೆನಡಾಕ್ಕೆ ನಾಫ್ಟಾದ ಜಾಗಕ್ಕೆ ಬಂದ ಯುಎಸ್‌ಎಂಸಿಎಯ 32.6ನೇ ಕಲಂ ಇದೆ, ಹಳೆಯ 2005ನೇ ಕಲಂನ ಮೊಮ್ಮಗ. ಸಾಂಸ್ಕೃತಿಕ ಉದ್ಯಮದ ವ್ಯಾಖ್ಯೆ ಪುಸ್ತಕ, ಪತ್ರಿಕೆ, ಚಿತ್ರ, ಸಂಗೀತ, ರೇಡಿಯೊ, ಟಿವಿ, ಕೇಬಲ್, ಉಪಗ್ರಹ ಎಂದು ಸಾಗುತ್ತದೆ. ಇಂಟರ್ನೆಟ್ ಎಂಬ ಹೆಸರು ಅದರಲ್ಲಿಲ್ಲ. ಚಿತ್ರ ಮತ್ತು ಸಂಗೀತದ ವಿತರಣೆ ಎಂಬ ಮಾತೇ ಆನ್‌ಲೈನ್‌ಗೂ ಸಲ್ಲುತ್ತದೆ ಎಂದು ಕೆನಡಾ ವಾದಿಸಬಹುದು. ಡಿಎಸ್363ರಲ್ಲಿ ಚೀನಾಕ್ಕೆ ಮುಳುವಾದ ತರ್ಕ ಇಲ್ಲಿ ಕೆನಡಾಕ್ಕೆ ಆಸರೆ. ಪ್ರತಿಕ್ರಮದ ಹಕ್ಕು ಮಾತ್ರ ಮೊದಲಿನಂತೆಯೇ ಕೂತಿದೆ.

34.7ನೇ ಕಲಂ ಪ್ರಕಾರ ಒಪ್ಪಂದ ಜಾರಿಯಾದ ಆರನೇ ವರ್ಷಕ್ಕೆ, ಅಂದರೆ 2026ರ ಜುಲೈ 1ಕ್ಕೆ, ಜಂಟಿ ಪರಿಶೀಲನೆ. ಶೇ 5ರ ಈ ವಂತಿಗೆ ಅಮೆರಿಕದ ದೂರುಗಳ ಪಟ್ಟಿಯಲ್ಲಿದೆ. 32.6ರ ಪಠ್ಯವನ್ನು ಮುಟ್ಟದೆಯೇ, ಹಾಲಿನ ಉತ್ಪನ್ನದಂಥ ಬೇರೆ ವಿಷಯದ ಜೊತೆ ಕಟ್ಟಿ ವಂತಿಗೆ ಕೈಬಿಡಿಸಲು ಒತ್ತಡ ಬರಬಹುದು. ಕಲಂ ಉಳಿಯಿತೇ ಎಂದಷ್ಟೇ ನೋಡಬೇಡಿ, ಸಿಆರ್‌ಟಿಸಿ ಆದೇಶ ಉಳಿಯಿತೇ ಎಂದು ನೋಡಿ.